ದಿ ಡೋರ್ಸ್ ಎಲ್‌ಪಿಗಳಲ್ಲಿ ಕೇಳಿಸುವ ದೋಷಗಳು: ಪ್ಲೇಯರಿನದೋ, ತಟ್ಟೆಯದೋ, ಮೂಲ ಮುದ್ರಣದ್ದೋ?

ಲಾಸ್ ಏಂಜಲೀಸ್‌ನ ದಿ ಡೋರ್ಸ್ ತಂಡವು ತನ್ನ ಗಾಯಕ ಜಿಮ್ ಮಾರಿಸನ್ ಬದುಕಿದ್ದಾಗ, 1967ರ ಜನವರಿಯಿಂದ 1971ರ ಏಪ್ರಿಲ್‌ವರೆಗಿನ ಅವಧಿಯಲ್ಲಿ, ಎಲೆಕ್ಟ್ರಾ ಕಂಪನಿಯ ಮೂಲಕ ಆರು ಸ್ಟುಡಿಯೊ ಆಲ್ಬಮ್‌ಗಳನ್ನು ಹೊರತಂದಿತು. ಅಮೆರಿಕದ ರಾಕ್ ಸಂಗೀತವನ್ನು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ರೂಪದಲ್ಲಿ ಸಂಗ್ರಹಿಸುವವರಲ್ಲಿ ಬಹಳಷ್ಟು ಜನ ಈ ಆರನ್ನು ಮೊದಲು ಹುಡುಕುತ್ತಾರೆ. ಆ ಕಾಲದ ಮೂಲ ಪ್ರತಿಗಳಿಗೆ ಈಗ ಐವತ್ತು ವರ್ಷ ದಾಟಿದೆ. ಅವು ಹಲವು ಕೈಗಳನ್ನು, ತಟ್ಟೆಯನ್ನು ಓದುವ ಹಲವು ಬಗೆಯ ಮುಳ್ಳುಗಳನ್ನು ಕಂಡು ಬಂದಿರುತ್ತವೆ. ಆದ್ದರಿಂದ ಹೊಸದಾಗಿ ಕೊಂಡ ಪ್ರತಿಯಲ್ಲಿ ಏನೋ ಸರಿಯಿಲ್ಲ ಎನಿಸಿದಾಗ ಕೆಲವರು ಕೂಡಲೇ ತಟ್ಟೆಯನ್ನು ದೂರುತ್ತಾರೆ, ಇನ್ನು ಕೆಲವರು ಪ್ಲೇಯರಿನ ತಿರುಪುಗಳಿಗೆ ಕೈ ಹಾಕುತ್ತಾರೆ. ಎರಡೂ ಅವಸರದ ಕೆಲಸಗಳು. ಡೋರ್ಸ್ ತಂಡದ ವಿಷಯದಲ್ಲಿ ಮೂರನೆಯ ಸಾಧ್ಯತೆಯೊಂದು ನಿಜವಾಗಿಯೂ ಇದೆ. ಕೇಳಿಸುತ್ತಿರುವ 'ದೋಷ' 1967ರಲ್ಲೇ ಮೂಲ ಮುದ್ರಣದಲ್ಲಿ ಸೇರಿಹೋಗಿರಬಹುದು, ಇಲ್ಲವೆ ತಂಡವೇ ಬೇಕೆಂದು ಮಾಡಿದ ಧ್ವನಿಪ್ರಯೋಗವಾಗಿರಬಹುದು. ಈ ಮೂರನ್ನು ಬೇರ್ಪಡಿಸಿ ನೋಡುವ ಮೊದಲು ಯಾವ ದುರಸ್ತಿಯನ್ನೂ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ವಿಂಗಡಣೆ

ದೋಷ ಕೇಳಿಸಿದ ತಟ್ಟೆಯನ್ನು ತೆಗೆದು, ಚೆನ್ನಾಗಿದೆ ಎಂದು ಮೊದಲೇ ಗೊತ್ತಿರುವ ಬೇರೆ ಯಾವುದಾದರೂ ಎಲ್‌ಪಿಯನ್ನು ಅದೇ ಪ್ಲೇಯರಿನಲ್ಲಿ ಹಾಕಬೇಕು. ಅದರಲ್ಲೂ ಅದೇ ತೊಂದರೆ ಕಂಡರೆ ದೋಷ ಪ್ಲೇಯರಿನಲ್ಲೋ ಆಂಪ್ಲಿಫೈಯರಿನಲ್ಲೋ ಇದೆ. ಕಾಣದಿದ್ದರೆ ಅನುಮಾನಕ್ಕೊಳಗಾದ ತಟ್ಟೆಯನ್ನು ಸ್ನೇಹಿತರ ಮನೆಯ ಮತ್ತೊಂದು ಪ್ಲೇಯರಿನಲ್ಲಿ ಕೇಳಬೇಕು. ಅಲ್ಲಿಯೂ ಅದೇ ಜಾಗದಲ್ಲಿ ಅದೇ ಶಬ್ದ ಬಂದರೆ ತೊಂದರೆ ಇರುವುದು ತಟ್ಟೆಯಲ್ಲಿ. ಆದರೆ ಅದು ಈ ಒಂದು ಪ್ರತಿಯ ಸವೆತವೋ ಅಥವಾ ಆ ಮುದ್ರಣದ ಎಲ್ಲ ಪ್ರತಿಗಳಲ್ಲೂ ಇರುವಂಥದ್ದೋ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಅದೇ ಹಾಡಿನ ಇನ್ನೊಂದು ಪ್ರತಿಯೊಂದಿಗೆ ಹೋಲಿಸಿದಾಗ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಹೋಲಿಕೆಗೆ ಮೊಬೈಲಿನಲ್ಲಿ ಸಿಗುವ ಡಿಜಿಟಲ್ ಪ್ರತಿಯನ್ನು ಕುರುಡಾಗಿ ನಂಬುವಂತಿಲ್ಲ. ಏಕೆಂದರೆ ಈ ತಂಡದ ಹಾಡುಗಳು ಕಾಲಕಾಲಕ್ಕೆ ಮರುಮಿಶ್ರಣಗೊಂಡಿವೆ (ಮೂಲ ಟೇಪುಗಳಿಂದ ಹೊಸದಾಗಿ ಬೆರೆಸಿ ಸಿದ್ಧಗೊಂಡಿವೆ), ಮತ್ತು ಆ ಮಿಶ್ರಣಗಳ ನಡುವಿನ ವ್ಯತ್ಯಾಸಗಳಲ್ಲಿ ಕೆಲವು ನಾವು ಹುಡುಕುತ್ತಿರುವ ದೋಷಕ್ಕೇ ಸಂಬಂಧಿಸಿದವು.

ಕೈಯಲ್ಲಿರುವುದು ಯಾವ ಕಾಲದ ಪ್ರತಿ ಎಂಬುದನ್ನೂ ಈ ಹಂತದಲ್ಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ಮಿನ ಸ್ಟೀರಿಯೊ (ಎರಡು ಸ್ಪೀಕರುಗಳಲ್ಲಿ ಬೇರೆ ಬೇರೆ ಧ್ವನಿಯ) ಪ್ರತಿಯ ಸಂಖ್ಯೆ ಇಕೆಎಸ್-74007, ಮೊನೊ (ಎರಡರಲ್ಲೂ ಒಂದೇ ಧ್ವನಿಯ) ಪ್ರತಿಯದು ಇಕೆಎಲ್-4007. 'ಸ್ಟ್ರೇಂಜ್ ಡೇಸ್' ಸ್ಟೀರಿಯೊ ಇಕೆಎಸ್-74014, 'ಎಲ್.ಎ. ವುಮನ್' ಇಕೆಎಸ್-75011. ಸಂಖ್ಯೆ ಒಂದೇ ಇದ್ದರೂ ಮುದ್ರಣ ಬೇರೆ ಬೇರೆ ವರ್ಷಗಳದ್ದಾಗಿರಬಹುದಾದ್ದರಿಂದ ಲೇಬಲ್ಲನ್ನು ನೋಡಬೇಕು. 1967ರ ಪ್ರತಿಗಳ ಲೇಬಲ್ ಕಂದು ಮಿಶ್ರಿತ ಚಿನ್ನದ ಬಣ್ಣದ್ದು. ಆಮೇಲೆ ದೊಡ್ಡ 'ಇ' ಅಕ್ಷರವಿರುವ ಕೆಂಪು ಲೇಬಲ್ ಬಂತು. ಎಪ್ಪತ್ತರ ದಶಕದ ಪ್ರತಿಗಳಲ್ಲಿ ಚಿಟ್ಟೆಯ ಚಿತ್ರವಿರುತ್ತದೆ. ಲೇಬಲ್ಲಿಗೂ ಕೊನೆಯ ಗ್ರೂವಿಗೂ (ಮುಳ್ಳು ಓಡುವ ಸುರುಳಿ ಗೀಟಿಗೂ) ನಡುವಿನ ಖಾಲಿ ಪಟ್ಟಿಯಲ್ಲಿ ಕೊರೆದಿರುವ ಅಕ್ಷರ ಮತ್ತು ಅಂಕಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ ಬರೆದಿಟ್ಟುಕೊಳ್ಳಬೇಕು. ಎರಡು ಪ್ರತಿಗಳು ಒಂದೇ ಮೂಲ ಅಚ್ಚಿನಿಂದ ಬಂದವೋ ಅಲ್ಲವೋ ಎಂಬುದನ್ನು ಹೇಳುವ ಗುರುತು ಇದೇ.

ಹಾಡು ನಿಧಾನವಾಗಿ, ಶ್ರುತಿ ಇಳಿದಂತೆ ಕೇಳಿಸಿದರೆ

ಮೊದಲ ಆಲ್ಬಮ್ಮನ್ನು ಕೊಂಡವರು ಎದುರಿಸುವ ಅತ್ಯಂತ ಗೊಂದಲದ ಲಕ್ಷಣ ಇದು. ಅದರ ಕಾರಣವನ್ನು ತಿಳಿಯದವರು ಸರಿಯಾಗಿರುವ ಪ್ಲೇಯರನ್ನೇ ಕೆಡಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ಇದನ್ನು ವಿವರವಾಗಿ ಹೇಳುತ್ತೇನೆ. ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದಲ್ಲಿ ಪಾಲ್ ರಾತ್‌ಚೈಲ್ಡ್ ನಿರ್ಮಾಣದಲ್ಲಿ, ಬ್ರೂಸ್ ಬಾಟ್‌ನಿಕ್ ಧ್ವನಿ ಎಂಜಿನಿಯರಾಗಿ ಸಿದ್ಧಗೊಂಡ ಈ ಆಲ್ಬಮ್ಮಿನ ಸ್ಟೀರಿಯೊ ಎಲ್‌ಪಿಯಲ್ಲಿ 'ಲೈಟ್ ಮೈ ಫೈರ್' ಹಾಡು ಸುಮಾರು ಶೇ 3.5ರಷ್ಟು ನಿಧಾನವಾಗಿ ಸೇರಿಹೋಗಿದೆ. ತಂಡವು ವೇದಿಕೆಯ ಮೇಲೆ ಈ ಹಾಡನ್ನು ನುಡಿಸುತ್ತಿದ್ದ ಶ್ರುತಿಗೂ ಎಲ್‌ಪಿಯಲ್ಲಿ ಕೇಳಿಸುವ ಶ್ರುತಿಗೂ ಹೊಂದಿಕೆಯಿಲ್ಲ ಎಂಬುದನ್ನು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ದಶಕಗಳ ನಂತರ ಬಾಟ್‌ನಿಕ್ ಅವರ ಗಮನಕ್ಕೆ ತಂದರು. ನಲವತ್ತನೆಯ ವರ್ಷದ ಸಂದರ್ಭದಲ್ಲಿ 2006ರಲ್ಲಿ ಬಂದ ಮರುಮಿಶ್ರಣದಲ್ಲಿ ವೇಗವನ್ನು ಸರಿಪಡಿಸಲಾಯಿತು. ಅದಕ್ಕೂ ಮೊದಲು ಸರಿಯಾದ ವೇಗದಲ್ಲಿ ಸಿಗುತ್ತಿದ್ದುದು 1967ರ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ವೇಗದ ಸಿಂಗಲ್ ತಟ್ಟೆಯಲ್ಲಿ, ಅಂದರೆ ಬದಿಗೊಂದೇ ಹಾಡಿರುವ ತಟ್ಟೆಯಲ್ಲಿ. ಸಿಂಗಲ್‌ನಲ್ಲಾದರೋ ಏಳು ನಿಮಿಷದ ಹಾಡನ್ನು ರೇಡಿಯೊಗಾಗಿ ಮೂರು ನಿಮಿಷದೊಳಗೆ ಕತ್ತರಿಸಿದ್ದರಿಂದ ಆರ್ಗನ್ ಮತ್ತು ಗಿಟಾರಿನ ದೀರ್ಘ ವಾದನ ಬಹುಪಾಲು ಹೊರಟುಹೋಗಿದೆ.

ಹೀಗಾಗಿ ಪರೀಕ್ಷೆಯನ್ನು ಎರಡು ಹಂತಗಳಲ್ಲಿ ಮಾಡಬೇಕು. ಮೊದಲು ಪ್ಲೇಯರಿನ ವೇಗವನ್ನು ಹಾಡಿನ ಸಹಾಯವಿಲ್ಲದೆ ಅಳೆಯಬೇಕು. ತಟ್ಟೆಯ ಅಂಚಿಗೆ ಸಣ್ಣ ಕಾಗದದ ಚೂರೊಂದನ್ನು ಗುರುತಾಗಿ ಇಟ್ಟು, ಮುಳ್ಳು ಗ್ರೂವಿನಲ್ಲಿ ಓಡುತ್ತಿರುವಾಗಲೇ ಮೂರು ನಿಮಿಷಗಳ ಕಾಲ ಸುತ್ತುಗಳನ್ನು ಎಣಿಸಬೇಕು. 33⅓ ಆರ್‌ಪಿಎಂ ಸರಿಯಿದ್ದರೆ ಮೂರು ನಿಮಿಷಕ್ಕೆ ನಿಖರವಾಗಿ 100 ಸುತ್ತುಗಳಾಗುತ್ತವೆ. 96 ಅಥವಾ 97 ಬಂದರೆ ಬೆಲ್ಟ್ ಸಡಿಲವಾಗಿರಬಹುದು, ಪುಲ್ಲಿಗೆ ಎಣ್ಣೆ ಹತ್ತಿರಬಹುದು, ಇಲ್ಲವೆ ನಡುಗೂಟದ ಬೇರಿಂಗ್ ಒಣಗಿರಬಹುದು. ಸುತ್ತು 83ರ ಹತ್ತಿರ ಇಳಿದಿದ್ದರೆ ಕಾರಣ ಬೇರೆಯೇ ಇದೆ, ಮತ್ತು ಅದು ಅಮೆರಿಕದಿಂದ ಊರಿಗೆ ಮರಳುವಾಗ ಪ್ಲೇಯರನ್ನೂ ಜೊತೆಯಲ್ಲಿ ತಂದ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು.

ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಎಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಆವರ್ತನೆ ಮಾಡುತ್ತದೆ ಎಂಬ ಲೆಕ್ಕ. ಹಳೆಯ ಬೆಲ್ಟ್ ಡ್ರೈವ್ ಮತ್ತು ಐಡ್ಲರ್ ಡ್ರೈವ್ (ರಬ್ಬರ್ ಗಾಲಿಯಿಂದ ತಿರುಗುವ) ಪ್ಲೇಯರುಗಳಲ್ಲಿ ಹಲವಕ್ಕೆ ಎಸಿ ಸಿಂಕ್ರೊನಸ್ ಮೋಟಾರ್ ಇದ್ದು, ಅದರ ವೇಗವನ್ನು ನಿರ್ಧರಿಸುವುದು ವೋಲ್ಟೇಜ್ ಅಲ್ಲ, ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮೋಟಾರ್ ಸುಟ್ಟುಹೋಗುವುದು ತಪ್ಪುತ್ತದೆ, ಆದರೆ ತಟ್ಟೆ 33⅓ರ ಬದಲು 27.8 ಸುತ್ತಿನಲ್ಲೇ ತಿರುಗುತ್ತದೆ. ಇದಕ್ಕೆ ಎರಡೇ ಪರಿಹಾರಗಳು: ಆ ಮಾದರಿಗೆ ತಯಾರಾದ 50 ಹರ್ಟ್ಸ್ ಪುಲ್ಲಿಯನ್ನು ಹಾಕಿಸುವುದು, ಇಲ್ಲವೆ 60 ಹರ್ಟ್ಸ್ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಡುವ ಪ್ರತ್ಯೇಕ ಪವರ್ ಸಪ್ಲೈ ಬಳಸುವುದು. ಡಿಸಿ ಮೋಟಾರ್ ಇರುವ ಮತ್ತು ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಪ್ಲೇಯರುಗಳಿಗೆ ಈ ತೊಂದರೆಯಿಲ್ಲ. ಇಲ್ಲಿಂದ ಅಲ್ಲಿಗೆ ಒಯ್ದವರಲ್ಲಿ ಇದರ ತದ್ವಿರುದ್ಧವಾಗುತ್ತದೆ, ಅಂದರೆ ತಟ್ಟೆ 40 ಸುತ್ತಿನ ವೇಗದಲ್ಲಿ ಓಡುತ್ತದೆ.

ಸ್ಟ್ರೋಬ್ ತಟ್ಟೆಯನ್ನು (ಮಿಣುಕುವ ದೀಪದಡಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯೆಂದು ತೋರಿಸುವ ಗೆರೆತಟ್ಟೆಯನ್ನು) ನೆಚ್ಚಿಕೊಂಡವರು ಇಲ್ಲಿ ಮೋಸಹೋಗುವ ಒಂದು ಸೂಕ್ಷ್ಮವಿದೆ. 33⅓ ವೇಗಕ್ಕೆ 50 ಹರ್ಟ್ಸ್ ಬೆಳಕಿನಡಿ ನೋಡಬೇಕಾದ ವೃತ್ತದಲ್ಲಿ 180 ಗೆರೆಗಳಿರುತ್ತವೆ, 60 ಹರ್ಟ್ಸ್ ವೃತ್ತದಲ್ಲಿ 216. ಅಮೆರಿಕದಿಂದ ತಂದ ಪ್ಲೇಯರಿನೊಂದಿಗೆ ಅಲ್ಲಿಂದಲೇ ತಂದ ಸ್ಟ್ರೋಬ್ ತಟ್ಟೆಯನ್ನು ಬೆಂಗಳೂರಿನ ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ, ಮೋಟಾರ್ ಮತ್ತು ದೀಪ ಎರಡೂ ಒಂದೇ 50 ಹರ್ಟ್ಸ್‌ನಲ್ಲಿ ನಿಧಾನವಾಗಿರುವುದರಿಂದ 216 ಗೆರೆಗಳ ವೃತ್ತ ಅಲುಗಾಡದೆ ನಿಂತಂತೆ ಕಾಣುತ್ತದೆ. ಎಲ್ಲವೂ ಸರಿಯಿದೆ ಎಂಬ ಸುಳ್ಳು ಭರವಸೆ ಹುಟ್ಟುವುದು ಹೀಗೆ. 180 ಗೆರೆಗಳ ವೃತ್ತವನ್ನೇ ನೋಡಬೇಕು. ಬಹಳಷ್ಟು ಎಲ್‌ಇಡಿ ದೀಪಗಳು ವಿದ್ಯುತ್ತಿನ ಲಯಕ್ಕೆ ಮಿಣುಕುವುದಿಲ್ಲವಾದ್ದರಿಂದ ಅವುಗಳ ಬೆಳಕಿನಲ್ಲಿ ಈ ಪರೀಕ್ಷೆಯೇ ನಡೆಯುವುದಿಲ್ಲ. ಮೂರು ನಿಮಿಷದ ಎಣಿಕೆಗೆ ಇಂಥ ಯಾವ ಅಪಾಯವೂ ಇಲ್ಲದಿರುವುದರಿಂದ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಪ್ಲೇಯರ್ 100 ಸುತ್ತು ಕೊಡುತ್ತಿದೆ ಎಂದು ಖಚಿತವಾದ ಮೇಲೆ ಎರಡನೆಯ ಹಂತಕ್ಕೆ ಬರಬೇಕು. ಇದಕ್ಕೆ ನಮ್ಮ ಮನೆಗಳಲ್ಲಿರುವ ಶ್ರುತಿಪೆಟ್ಟಿಗೆ ಅಥವಾ ಹಾರ್ಮೋನಿಯಂ ಸಾಕು. 'ಲೈಟ್ ಮೈ ಫೈರ್' ಹಾಡಿನ ನಡುವಿನ ದೀರ್ಘ ವಾದನದಲ್ಲಿ ರೇ ಮಾಂಝಾರೆಕ್ ಅವರ ಆರ್ಗನ್ ಮತ್ತು ರಾಬಿ ಕ್ರೀಗರ್ ಅವರ ಗಿಟಾರ್ ಎ ಮೈನರ್ ಮತ್ತು ಬಿ ಮೈನರ್ ಎಂಬ ಎರಡೇ ಸ್ವರಮೇಳಗಳ ನಡುವೆ ನಿಮಿಷಗಟ್ಟಲೆ ಓಡಾಡುತ್ತವೆ. ಆದ್ದರಿಂದ ಆಧಾರ ಶ್ರುತಿಯನ್ನು ಕಿವಿಗೆ ಹಿಡಿದುಕೊಳ್ಳಲು ಇದಕ್ಕಿಂತ ಅನುಕೂಲವಾದ ಭಾಗ ಸಿಗಲಾರದು. ಎ ಎಂದರೆ ನಮ್ಮ ಲೆಕ್ಕದಲ್ಲಿ ಆರನೆಯ ಮನೆ, ಅಂದರೆ ಆರನೆಯ ಶ್ರುತಿ. ಪೆಟ್ಟಿಗೆಯನ್ನು ಆರಕ್ಕೆ ಇಟ್ಟು ಹಾಡನ್ನು ಕೇಳಿದಾಗ ಹಾಡು ಆರಕ್ಕಿಂತ ಇಳಿದು, ಐದೂವರೆಗೂ ಪೂರ್ತಿ ತಲುಪದೆ, ನಡುವೆ ಎಲ್ಲೋ ನಿಂತರೆ ನಿಮ್ಮ ಪ್ಲೇಯರ್ ಸರಿಯಿದೆ, ತಟ್ಟೆಯೂ ಸರಿಯಿದೆ. ನೀವು ಕೇಳುತ್ತಿರುವುದು 1967ರ ಮೂಲ ಮುದ್ರಣದ ನಿಧಾನಗತಿಯನ್ನು. ಶೇ 3.5 ಎಂದರೆ ಅರ್ಧ ಮನೆಯ ಅಂತರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಏಳು ನಿಮಿಷದ ಹಾಡಿಗೆ ಸುಮಾರು ಹದಿನಾಲ್ಕು ಸೆಕೆಂಡು. ಹಾಡು ಸರಿಯಾಗಿ ಆರಕ್ಕೆ ಕೂಡಿದರೆ ನಿಮ್ಮಲ್ಲಿರುವುದು ವೇಗ ಸರಿಪಡಿಸಿದ ಮಿಶ್ರಣವನ್ನು ಆಧರಿಸಿದ ಪ್ರತಿ. ಸ್ಟೀರಿಯೊ ಪ್ರತಿ ಹಳೆಯದಾಗಿದ್ದೂ ಆರಕ್ಕೆ ಕೂಡುತ್ತಿದ್ದರೆ ಪ್ಲೇಯರ್ ವೇಗವಾಗಿ ಓಡುತ್ತಿದೆ, ಎಣಿಕೆಯನ್ನು ಮತ್ತೊಮ್ಮೆ ಮಾಡಬೇಕು. ಹಾಡು ನಾಲ್ಕನೆಯ ಮನೆಯ ಹತ್ತಿರಕ್ಕೆ ಕುಸಿದಿದ್ದರೆ ಮೂಲ ಮುದ್ರಣದ ನಿಧಾನಕ್ಕೆ 50 ಹರ್ಟ್ಸ್‌ನ ನಿಧಾನವೂ ಸೇರಿಕೊಂಡಿದೆ ಎಂದು ಅರ್ಥ.

ಪಿಚ್ ಹೊಂದಿಸುವ ಗುಂಡಿ ಇರುವ ಪ್ಲೇಯರಿನಲ್ಲಿ ಹಾಡನ್ನು ಶೇ 3.5ರಷ್ಟು ಏರಿಸಿ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಜಾನ್ ಡೆನ್ಸ್‌ಮೋರ್ ಅವರ ಡ್ರಮ್ಮಿನ ನಡೆ ಚುರುಕಾಗುವುದು, ಮಾರಿಸನ್ ಧ್ವನಿ ಹಗುರವಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಗುಂಡಿಯನ್ನು ಮತ್ತೆ ಸೊನ್ನೆಗೆ ತರಬೇಕು. ಈ ಒಂದು ಆಲ್ಬಮ್ಮಿಗಾಗಿ ಪ್ಲೇಯರಿನ ಒಳಗಿನ ವೇಗದ ತಿರುಪನ್ನು ಬದಲಿಸಿದರೆ ಉಳಿದ ಎಲ್ಲ ತಟ್ಟೆಗಳೂ ಶ್ರುತಿ ತಪ್ಪುತ್ತವೆ. ಮಾರಾಟಗಾರರಿಗೆ 'ತಟ್ಟೆ ನಿಧಾನವಾಗಿದೆ' ಎಂದು ಮರಳಿಸುವುದೂ ನ್ಯಾಯವಲ್ಲ, ಏಕೆಂದರೆ ಅದೇ ಮುದ್ರಣದ ಬೇರೆ ಪ್ರತಿಯೂ ಹಾಗೆಯೇ ಇರುತ್ತದೆ.

ಇಲ್ಲಿಯೇ ಇನ್ನೊಂದು ಸರಳ ಸಂಗತಿಯನ್ನು ಹೇಳಿಬಿಡಬೇಕು. ಈ ಆಲ್ಬಮ್‌ಗಳನ್ನು ಡಗ್ ಸ್ಯಾಕ್ಸ್ ಮತ್ತು ಬಾಟ್‌ನಿಕ್ ಅವರ ಮಾಸ್ಟರಿಂಗ್‌ನೊಂದಿಗೆ ಅನಲಾಗ್ ಪ್ರೊಡಕ್ಷನ್ಸ್ ಸಂಸ್ಥೆ 2012ರಲ್ಲಿ 45 ಆರ್‌ಪಿಎಂ ವೇಗದ ಹನ್ನೆರಡು ಇಂಚಿನ ತಟ್ಟೆಗಳಲ್ಲಿ ಹೊರತಂದಿದೆ. ಗಾತ್ರ ಎಲ್‌ಪಿಯದೇ ಆಗಿರುವುದರಿಂದ 33⅓ರಲ್ಲೇ ಹಾಕಿಬಿಡುವ ಸಂಭವವಿದೆ. ಮಾರಿಸನ್ ಅವರ ಸಹಜ ಮಂದ್ರ ಧ್ವನಿ ಗುಹೆಯೊಳಗಿನಿಂದ ಬಂದಂತೆ ಕೇಳಿಸಿದರೆ ಮೊದಲು ಲೇಬಲ್ಲಿನ ಮೇಲಿನ ವೇಗವನ್ನು ಓದಬೇಕು.

ಶ್ರುತಿ ಒಂದೇ ಸಮ ತೂಗುತ್ತಿದ್ದರೆ

ಶ್ರುತಿ ಇಳಿದು ನಿಲ್ಲುವುದು ಬೇರೆ, ಏರಿ ಇಳಿದು ತೂಗುವುದು ಬೇರೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು ಹಿಡಿಯುತ್ತದೆ. ತೂಗಾಟ ಪ್ರತಿ 1.8 ಸೆಕೆಂಡಿಗೊಮ್ಮೆ ಮರುಕಳಿಸಿದರೆ ಕಾರಣ ತಟ್ಟೆಯಲ್ಲಿದೆ. ಅದಕ್ಕಿಂತ ಬೇಗನೆ, ಗಡಗಡ ನಡುಗಿದಂತೆ ಬಂದರೆ ಮೋಟಾರ್, ಪುಲ್ಲಿ ಅಥವಾ ಬೆಲ್ಟಿನಲ್ಲಿದೆ. ತಟ್ಟೆಯ ಕಾರಣಗಳು ಎರಡು. ತಿರುಗುವ ತಟ್ಟೆಯನ್ನು ಪಕ್ಕದಿಂದ ನೋಡಿದಾಗ ಮುಳ್ಳಿನ ತೋಳು ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತಿದ್ದರೆ ತಟ್ಟೆ ಬಾಗಿದೆ. ಮೇಲಿನಿಂದ ನೋಡಿದಾಗ ತೋಳು ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ನಡುವಿನ ರಂಧ್ರ ಕೇಂದ್ರ ತಪ್ಪಿದೆ. ರಂಧ್ರ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೂ ಲೇಬಲ್ಲಿನ ಹತ್ತಿರದ ಗ್ರೂವುಗಳಲ್ಲಿ ಶ್ರುತಿ ಶೇ 1.6ಕ್ಕಿಂತ ಹೆಚ್ಚು ಮೇಲಕ್ಕೂ ಅಷ್ಟೇ ಕೆಳಕ್ಕೂ ತೂಗುತ್ತದೆ. 'ರೈಡರ್ಸ್ ಆನ್ ದ ಸ್ಟಾರ್ಮ್' ಹಾಡಿನ ಎಲೆಕ್ಟ್ರಿಕ್ ಪಿಯಾನೊ ಇದನ್ನು ತಕ್ಷಣ ಬಯಲು ಮಾಡುತ್ತದೆ, ಏಕೆಂದರೆ ಆ ಹಾಡು ಇರುವುದು 'ಎಲ್.ಎ. ವುಮನ್' ಎರಡನೆಯ ಬದಿಯ ಕಟ್ಟಕಡೆಯಲ್ಲಿ. ಬಾಗಿದ ತಟ್ಟೆಯನ್ನು ಬಿಸಿಲಿಗೆ ಹಿಡಿದು ನೆಟ್ಟಗೆ ಮಾಡುವ ಪ್ರಯತ್ನ ಬೇಡ. ಬಿಸಿಲು ಗ್ರೂವಿನ ಗೋಡೆಗಳನ್ನೇ ಸಡಿಲಗೊಳಿಸಬಲ್ಲದು.

ಬದಿಯ ಕೊನೆಯಲ್ಲಿ ಧ್ವನಿ ಒಡೆಯುವುದು

ಈ ತಂಡದ ಆಲ್ಬಮ್‌ಗಳ ರಚನೆಯೇ ಈ ದೋಷವನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಮೊದಲ ಆಲ್ಬಮ್ಮಿನ ಮೊದಲ ಬದಿ 'ಲೈಟ್ ಮೈ ಫೈರ್' ಹಾಡಿನಿಂದ ಮುಗಿಯುತ್ತದೆ, ಎರಡನೆಯ ಬದಿ ಹನ್ನೊಂದೂವರೆ ನಿಮಿಷಕ್ಕೂ ಹೆಚ್ಚಿನ 'ದಿ ಎಂಡ್' ಹಾಡಿನಿಂದ. 'ಸ್ಟ್ರೇಂಜ್ ಡೇಸ್' ಆಲ್ಬಮ್ಮಿನ ಕೊನೆಯಲ್ಲಿ ಸುಮಾರು ಹನ್ನೊಂದು ನಿಮಿಷದ 'ವೆನ್ ದ ಮ್ಯೂಸಿಕ್ಸ್ ಓವರ್' ಇದೆ. 'ಎಲ್.ಎ. ವುಮನ್'ನ ಎರಡೂ ಬದಿಗಳು ಏಳು ನಿಮಿಷಕ್ಕೂ ದೊಡ್ಡದಾದ ಹಾಡುಗಳೊಂದಿಗೆ ಮುಗಿಯುತ್ತವೆ. ಅಂದರೆ ಹಾಡಿನ ಅತಿ ತೀವ್ರವಾದ ಭಾಗಗಳು ತಟ್ಟೆಯ ಅತಿ ಕಷ್ಟದ ಜಾಗದಲ್ಲಿ ಬಂದು ಕೂತಿವೆ. ಎಲ್‌ಪಿಯ ಹೊರ ಅಂಚಿನಲ್ಲಿ ಗ್ರೂವು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಲ್ಲಿ ಸಾಗಿದರೆ, ಲೇಬಲ್ಲಿನ ಹತ್ತಿರ ಅದು ಸುಮಾರು 21 ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕಿಕ್ಕಿರಿಯುವುದರಿಂದ ಮುಳ್ಳಿಗೆ ಅದನ್ನು ಓದುವುದು ಕಷ್ಟವಾಗುತ್ತದೆ.

'ದಿ ಎಂಡ್' ಮೆಲ್ಲನೆ ಆರಂಭವಾಗಿ, ಕೊನೆಯ ನಿಮಿಷಗಳಲ್ಲಿ ಸ್ಫೋಟಗೊಂಡು, ಮತ್ತೆ ಮೆತ್ತಗಾಗುವ ಹಾಡು. ಆ ಸ್ಫೋಟದಲ್ಲಿ ಮಾರಿಸನ್ ಧ್ವನಿಯೂ ಗಿಟಾರೂ ಒರಟಾಗಿ ಸಿಡಿದಂತೆ ಕೇಳಿಸಿದರೆ ಈ ಕ್ರಮದಲ್ಲಿ ಹುಡುಕಬೇಕು. ಮುಳ್ಳನ್ನು ಮೊದಲು ಮೃದುವಾದ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಒರೆಸಿ, ಭೂತಗನ್ನಡಿಯಲ್ಲಿ ನೋಡಬೇಕು. ಎಷ್ಟೋ ಸಲ ತುದಿಗೆ ಅಂಟಿದ ಧೂಳಿನ ಉಂಡೆಯೇ ಅಪರಾಧಿ. ಆಮೇಲೆ ಮುಳ್ಳಿನ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಕಾರ್ಟ್ರಿಜ್ (ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ತಯಾರಕರು ಹೇಳಿದ ಮಿತಿಯೊಳಗಿದೆಯೇ ನೋಡಬೇಕು. ಇಂದಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವಕ್ಕೆ ಇದು ಒಂದೂವರೆಯಿಂದ ಎರಡು ಗ್ರಾಂ ಆಸುಪಾಸು. ತಟ್ಟೆಗೆ ನೋವಾಗದಿರಲಿ ಎಂಬ ಪ್ರೀತಿಯಿಂದ ಭಾರವನ್ನು ಮಿತಿಗಿಂತ ಕಡಿಮೆ ಇಡುವವರಿದ್ದಾರೆ. ಹಗುರವಾದ ಮುಳ್ಳು ಗ್ರೂವಿನ ಗೋಡೆಗಳ ನಡುವೆ ಎಗರಾಡುತ್ತಾ ಭಾರವಾದ ಮುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಮೂರನೆಯದಾಗಿ ಕಾರ್ಟ್ರಿಜ್ಜಿನ ಕೋನವನ್ನು ಪ್ರೊಟ್ರ್ಯಾಕ್ಟರ್ ಕಾಗದದ ಮೇಲೆ ಪರೀಕ್ಷಿಸಬೇಕು. ಬೇರ್‌ವಾಲ್ಡ್ ಎಂಬ ಪ್ರಚಲಿತ ಲೆಕ್ಕದಲ್ಲಿ ಕೇಂದ್ರದಿಂದ 66 ಮತ್ತು 121 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗಳಿಗೆ ಸಮಾನಾಂತರವಾಗಿ ನಿಲ್ಲಬೇಕು. ಒಡಕು ಒಂದೇ ಸ್ಪೀಕರಿನಲ್ಲಿ ಹೆಚ್ಚಾಗಿದ್ದರೆ ಆ್ಯಂಟಿಸ್ಕೇಟಿಂಗ್ (ತೋಳು ಒಳಕ್ಕೆ ಎಳೆದುಕೊಳ್ಳುವುದನ್ನು ತಡೆಯುವ) ಹೊಂದಿಕೆಯನ್ನು ಅನುಮಾನಿಸಬಹುದು.

ಇಷ್ಟೆಲ್ಲ ಸರಿಯಿದ್ದು, ಬೇರೆ ಎಲ್‌ಪಿಗಳ ಕೊನೆಯ ಹಾಡುಗಳು ಸ್ವಚ್ಛವಾಗಿ ಕೇಳಿಸಿ, ಇದೊಂದೇ ಒಡೆದರೆ ಗ್ರೂವು ಸವೆದಿದೆ. ಅರವತ್ತರ ದಶಕದಲ್ಲಿ ಬಹುಪಾಲು ಮನೆಗಳಲ್ಲಿದ್ದ ಅಗ್ಗದ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ಜುಗಳು ನಾಲ್ಕೈದು ಗ್ರಾಂ ಭಾರದಲ್ಲಿ ಓಡುತ್ತಿದ್ದವು, ಮತ್ತು ಜನಪ್ರಿಯ ಹಾಡಿನ ತಟ್ಟೆಯ ಮೇಲೆ ಅವು ಓಡಿದ್ದೇ ಓಡಿದ್ದು. ಈ ಸವೆತವನ್ನು ತೊಳೆದು ತೆಗೆಯಲಾಗದು. ಆದರೆ ತಟ್ಟೆಯನ್ನು ಕೈಬಿಡುವ ಮೊದಲು ಒಂದು ಪ್ರಯತ್ನ ಉಳಿದಿದೆ. ಗುಂಡು ತುದಿಯ ಮುಳ್ಳು ಸವೆಸಿರುವುದು ಗೋಡೆಯ ಒಂದು ಎತ್ತರದ ಪಟ್ಟಿಯನ್ನು ಮಾತ್ರ. ಮೈಕ್ರೊಲೈನ್ ಅಥವಾ ಶಿಬಾಟಾ ಬಗೆಯ ಸೂಕ್ಷ್ಮ ತುದಿಯ ಮುಳ್ಳು ಗೋಡೆಯ ಬೇರೆ ಭಾಗವನ್ನೂ ಮುಟ್ಟುವುದರಿಂದ ಕೆಲವು ಪ್ರತಿಗಳಲ್ಲಿ ಒಡಕು ಗಮನಾರ್ಹವಾಗಿ ತಗ್ಗುತ್ತದೆ. ಎಲ್ಲ ಪ್ರತಿಗಳಲ್ಲೂ ತಗ್ಗುತ್ತದೆ ಎಂದು ನಂಬಿ ದುಬಾರಿ ಮುಳ್ಳನ್ನು ಕೊಳ್ಳಬಾರದು. ಅಂಥ ಮುಳ್ಳಿರುವ ಪರಿಚಯಸ್ಥರಲ್ಲಿ ಮೊದಲು ಕೇಳಿ ನೋಡಬೇಕು.

ಅಂಗಡಿಯಲ್ಲಿ ಕೊಳ್ಳುವಾಗಲೇ ಇದನ್ನು ತಕ್ಕಮಟ್ಟಿಗೆ ಊಹಿಸಬಹುದು. ಪ್ರಬಲವಾದ ದೀಪದ ಕೆಳಗೆ ತಟ್ಟೆಯನ್ನು ಓರೆ ಹಿಡಿದಾಗ ಕೊನೆಯ ಹಾಡಿನ ಪಟ್ಟಿ ಉಳಿದ ಭಾಗಕ್ಕಿಂತ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಸವೆತದ ಗುರುತು. ರಂಧ್ರದ ಸುತ್ತ ಲೇಬಲ್ಲಿನ ಮೇಲೆ ನಡುಗೂಟ ತಡಕಾಡಿದ ಸಣ್ಣ ಗೆರೆಗಳು ಹೆಚ್ಚಿದ್ದರೆ ತಟ್ಟೆ ಬಹಳ ಸಲ ಓಡಿದೆ. ಹೊಳೆಯುವ ತಟ್ಟೆಯ ಮೇಲೆ ಒಂದೆರಡು ತೆಳು ಗೀರುಗಳಿರುವುದಕ್ಕಿಂತ, ಗೀರಿಲ್ಲದೆ ಬೂದುಬಣ್ಣವಾಗಿರುವ ತಟ್ಟೆಯೇ ಹೆಚ್ಚು ಅನುಮಾನಾಸ್ಪದ.

ಚಟಚಟ ಶಬ್ದ, ಮತ್ತು ಶಬ್ದವೇ ಸಂಗೀತವಾಗಿರುವ ಜಾಗಗಳು

'ರೈಡರ್ಸ್ ಆನ್ ದ ಸ್ಟಾರ್ಮ್' ಹಾಡಿನಲ್ಲಿ ಮಳೆಯ ಮತ್ತು ಗುಡುಗಿನ ಧ್ವನಿಮುದ್ರಣವನ್ನು ಬೆರೆಸಲಾಗಿದೆ. ಧೂಳು ಹಿಡಿದ ತಟ್ಟೆಯಲ್ಲಿ ಮಳೆ ಯಾವುದು, ಕೊಳೆ ಯಾವುದು ಎಂದು ತಿಳಿಯುವುದು ಕಷ್ಟ. ಮಳೆಯ ಶಬ್ದ ಎರಡೂ ಸ್ಪೀಕರುಗಳಲ್ಲಿ ಎಡೆಬಿಡದೆ ಹರಡಿಕೊಂಡಿರುತ್ತದೆ ಮತ್ತು ಹಾಡು ಆರಂಭವಾದ ಮೇಲೆಯೇ ಕೇಳಿಸುತ್ತದೆ. ಕೊಳೆಯ ಚಟಚಟ ಹಾಡಿನ ಹಿಂದಿನ ಮೌನದ ಪಟ್ಟಿಯಲ್ಲೂ ಇರುತ್ತದೆ, ಮತ್ತು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬಿಡಿಬಿಡಿಯಾಗಿ ಸಿಡಿಯುತ್ತದೆ. ಆದ್ದರಿಂದ ಮುಳ್ಳನ್ನು ಹಿಂದಿನ ಹಾಡಿನ ಕೊನೆಗೆ ಇಳಿಸಿ, ಎರಡು ಹಾಡುಗಳ ನಡುವಿನ ಖಾಲಿ ಜಾಗವನ್ನು ಗಮನವಿಟ್ಟು ಕೇಳಬೇಕು. ಪ್ರತಿ 1.8 ಸೆಕೆಂಡಿಗೆ ಸರಿಯಾಗಿ ಒಂದು ಟಿಕ್ ಬರುತ್ತಿದ್ದರೆ ಅದು ಗ್ರೂವುಗಳಿಗೆ ಅಡ್ಡಲಾಗಿ ಬಿದ್ದ ಗೀರು, ತೊಳೆದರೆ ಹೋಗದು. ಲಯವಿಲ್ಲದ ಚಟಚಟವಾದರೆ ಧೂಳು, ಸ್ಥಾಯಿ ವಿದ್ಯುತ್ತು ಅಥವಾ ಬೂಷ್ಟು. ಚಳಿಗಾಲದಲ್ಲಿ ಮನೆಯನ್ನು ಹೀಟರಿನಿಂದ ಬೆಚ್ಚಗಿಡುವ ಅಮೆರಿಕದ ಊರುಗಳಲ್ಲಿ ಒಣಹವೆಯಿಂದ ಸ್ಥಾಯಿ ವಿದ್ಯುತ್ತು ಹೆಚ್ಚು. ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಅದರ ಬದಲು ಮಳೆಗಾಲದ ಬೂಷ್ಟು. ತೇವ ಹೀರಿದ ಕಾಗದದ ಒಳಚೀಲದಿಂದ ಅದು ತಟ್ಟೆಗೆ ಹಬ್ಬುತ್ತದೆ.

ಬೂಷ್ಟು ಹಿಡಿದ ತಟ್ಟೆಯನ್ನು ಮುಳ್ಳಿಗೆ ಒಡ್ಡುವ ಮೊದಲೇ ತೊಳೆಯಬೇಕು. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸೇರಿಸಿ, ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಗ್ರೂವಿನ ದಿಕ್ಕಿನಲ್ಲೇ ಸುತ್ತಿಸಿ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಹಳೆಯ ಒಳಚೀಲವನ್ನು ಮತ್ತೆ ಬಳಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಅದರಲ್ಲಿ ಹಾಡಿನ ಸಾಹಿತ್ಯವೋ ಚಿತ್ರವೋ ಅಚ್ಚಾಗಿದ್ದರೆ ಒಣಗಿಸಿ ಪ್ರತ್ಯೇಕವಾಗಿ ಇಟ್ಟು, ತಟ್ಟೆಗೆ ಹೊಸ ಪಾಲಿಥೀನ್ ಒಳಚೀಲ ಕೊಡಬೇಕು. ಮನೆಯಲ್ಲಿ ಹಿರಿಯರ 78 ಆರ್‌ಪಿಎಂ ಅರಗಿನ ತಟ್ಟೆಗಳೂ ಇದ್ದರೆ, ಎಲ್‌ಪಿಗೆ ಬಳಸುವ ಆಲ್ಕೊಹಾಲ್ ಬೆರೆತ ದ್ರಾವಣವನ್ನು ಅವುಗಳಿಗೆ ತಾಗಿಸಲೇಬಾರದು.

'ಸ್ಟ್ರೇಂಜ್ ಡೇಸ್' ಆಲ್ಬಮ್ಮನ್ನು ಪರೀಕ್ಷಿಸುವಾಗ ವಿಶೇಷ ಎಚ್ಚರ ಬೇಕು. ಅದರ ಶೀರ್ಷಿಕೆ ಹಾಡಿನಲ್ಲಿ ಮಾರಿಸನ್ ಧ್ವನಿ ನೀರಿನೊಳಗಿನಿಂದ ಬಂದಂತೆ ಅಲುಗುವುದು ಮುಳ್ಳಿನ ದೋಷದಿಂದಲ್ಲ. ಆ ಧ್ವನಿಯನ್ನು ಆಗಷ್ಟೇ ಸ್ಟುಡಿಯೊಗಳಿಗೆ ಬರುತ್ತಿದ್ದ ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮೂಲಕ ಹಾಯಿಸಲಾಗಿತ್ತು. ಅದೇ ಬದಿಯ 'ಅನ್‌ಹ್ಯಾಪಿ ಗರ್ಲ್' ಹಾಡಿನಲ್ಲಿ ಕೀಬೋರ್ಡಿನ ಸ್ವರಗಳು ಹಿಂದುಮುಂದಾಗಿ ಎಳೆದಂತೆ ಕೇಳಿಸುವುದು ಟೇಪನ್ನು ತಿರುಗುಮುರುಗು ಓಡಿಸಿ ಮುದ್ರಿಸಿದ್ದರಿಂದ. ಅದರ ಬೆನ್ನಿಗೇ ಬರುವ 'ಹಾರ್ಸ್ ಲ್ಯಾಟಿಟ್ಯೂಡ್ಸ್' ಸುಮಾರು ಒಂದೂವರೆ ನಿಮಿಷದ ಕವಿತಾವಾಚನ. ಅದರ ಹಿಂದಿರುವ ಗಾಳಿಯಂಥ ಮೊರೆತವನ್ನು ಟೇಪ್ ರೆಕಾರ್ಡರಿನ ಸದ್ದನ್ನು ಕೈಯಿಂದ ವೇಗ ಬದಲಿಸುತ್ತಾ ಓಡಿಸಿ ಪಡೆಯಲಾಯಿತು. ಈ ಮೂರು ಜಾಗಗಳನ್ನು ಇಟ್ಟುಕೊಂಡು ಪ್ಲೇಯರಿನ ಆರೋಗ್ಯವನ್ನು ನಿರ್ಣಯಿಸಬಾರದು. ಮೊದಲ ಆಲ್ಬಮ್ಮಿನ ಮೊದಲ ಹಾಡಾದ 'ಬ್ರೇಕ್ ಆನ್ ಥ್ರೂ'ನಲ್ಲಿ ಒಂದು ಸಾಲಿನ ಕೊನೆಯ ಪದ ಮತ್ತೆ ಮತ್ತೆ ಕಾಣೆಯಾಗುವುದನ್ನು ಮುಳ್ಳು ಹಾರಿದ್ದೆಂದು ತಿಳಿಯುವವರಿದ್ದಾರೆ. ನಶೆಯನ್ನು ಸೂಚಿಸುವ ಆ ಪದವನ್ನು ರೇಡಿಯೊದವರ ಆಕ್ಷೇಪಕ್ಕೆ ಹೆದರಿ 1967ರಲ್ಲಿ ಕತ್ತರಿಸಲಾಗಿತ್ತು, ಬಹಳ ವರ್ಷಗಳ ನಂತರದ ಮರುಮುದ್ರಣಗಳಲ್ಲಿ ಅದು ಮರಳಿತು. 'ಮಾರಿಸನ್ ಹೋಟೆಲ್' ಆಲ್ಬಮ್ಮಿನಲ್ಲಿ 'ಪೀಸ್ ಫ್ರಾಗ್' ಮುಗಿದು 'ಬ್ಲೂ ಸಂಡೇ' ಬಿಡುವಿಲ್ಲದೆ ಆರಂಭವಾಗುವುದೂ ತಂಡದ ಉದ್ದೇಶವೇ.

ನಿಜವಾಗಿಯೂ ಮುಳ್ಳು ಹಾರುತ್ತಿದ್ದರೆ ಲಯ ಮುರಿಯುತ್ತದೆ ಮತ್ತು ಅದೇ ಜಾಗದಲ್ಲಿ ಒಂದು ಟಿಕ್ ಕೇಳಿಸುತ್ತದೆ. ಡ್ರಮ್ಮಿನ ತಾಳ ಹಾಕುತ್ತಾ ಕೂತರೆ ಇದು ತಕ್ಷಣ ತಿಳಿಯುತ್ತದೆ.

ಗುಂಯ್‌ಗುಡುವಿಕೆ, ಒಂದೇ ಕಡೆಯ ಧ್ವನಿ, ಸಪ್ಪೆ ಧ್ವನಿ

ಇವು ಸಾಮಾನ್ಯ ದೋಷಗಳಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಮುಳ್ಳು ಮೇಲೆತ್ತಿದ್ದಾಗಲೂ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಪ್ಲೇಯರಿನಿಂದ ಬರುವ ತೆಳ್ಳನೆಯ ಅರ್ತಿಂಗ್ ತಂತಿಯನ್ನು ಆಂಪ್ಲಿಫೈಯರಿನ ಗ್ರೌಂಡ್ ತಿರುಪಿಗೆ ಬಿಗಿಯಬೇಕು. ಮನೆಯ ಪ್ಲಗ್ ಪಾಯಿಂಟಿನ ಮೂರನೆಯ ಪಿನ್ನಿಗೆ ಅರ್ತಿಂಗ್ ನಿಜವಾಗಿಯೂ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಬೇಕು. ಧ್ವನಿ ಬಹಳ ಸಣ್ಣದಾಗಿ, ಮಂದ್ರವೇ ಇಲ್ಲದೆ ಬಂದರೆ ಪ್ಲೇಯರನ್ನು ಫೋನೊ ಎಂಬ ಜಾಗದ ಬದಲು ಆಕ್ಸ್ ಜಾಗಕ್ಕೆ ಜೋಡಿಸಲಾಗಿದೆ. ಆರ್‌ಐಎಎ ಪದ್ಧತಿಯಂತೆ ಎಲ್‌ಪಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ, ಅದನ್ನು ಮತ್ತೆ ಸರಿತೂಗಿಸುವುದು ಫೋನೊ ಪ್ರಿಆಂಪ್. ಈ ತಂಡದಲ್ಲಿ ಕಾಯಂ ಬಾಸ್ ಗಿಟಾರ್ ವಾದಕರಿರಲಿಲ್ಲ, ವೇದಿಕೆಯ ಮೇಲೆ ಮಾಂಝಾರೆಕ್ ಎಡಗೈಯಿಂದ ಕೀಬೋರ್ಡ್ ಬಾಸ್ ನುಡಿಸುತ್ತಿದ್ದರು. ಹಾಗೆಂದು ಮಂದ್ರದ ಕೊರತೆಯನ್ನೆಲ್ಲ ಅದಕ್ಕೆ ಹಚ್ಚುವಂತಿಲ್ಲ, ಸ್ಟುಡಿಯೊದಲ್ಲಿ ಬೇರೆ ಬಾಸ್ ವಾದಕರನ್ನು ಕರೆಸಿಕೊಂಡದ್ದುಂಟು, 'ಎಲ್.ಎ. ವುಮನ್'ನಲ್ಲಿ ಜೆರ್ರಿ ಶೆಫ್ ನುಡಿಸಿದ್ದಾರೆ.

ಮೊದಲ ಆಲ್ಬಮ್ ಮುದ್ರಣಗೊಂಡದ್ದು ಕೇವಲ ನಾಲ್ಕು ಟ್ರ್ಯಾಕಿನಲ್ಲಿ. ಅಂಥ ಸ್ಟೀರಿಯೊ ಮಿಶ್ರಣಗಳಲ್ಲಿ ಒಂದು ವಾದ್ಯ ಬಹುಪಾಲು ಒಂದೇ ಸ್ಪೀಕರಿನಲ್ಲಿ ಕೂತಿರುವುದು ಸಹಜ. ಒಂದು ಚಾನೆಲ್ ಸತ್ತಿದೆ ಎಂಬ ಅನುಮಾನ ಬಂದರೆ ಪ್ಲೇಯರಿನ ಎಡ-ಬಲ ತಂತಿಗಳನ್ನು ಆಂಪ್ಲಿಫೈಯರಿನಲ್ಲಿ ಅದಲುಬದಲು ಮಾಡಬೇಕು. ಮೌನ ಇನ್ನೊಂದು ಸ್ಪೀಕರಿಗೆ ಸ್ಥಳಾಂತರಗೊಂಡರೆ ದೋಷ ಕಾರ್ಟ್ರಿಜ್ಜಿನ ಹಿಂಬದಿಯ ನಾಲ್ಕು ಸಣ್ಣ ತಂತಿಗಳಲ್ಲೋ ಹೆಡ್‌ಶೆಲ್ಲಿನ ಸಂಪರ್ಕದಲ್ಲೋ ಇದೆ. ಅದೇ ಸ್ಪೀಕರಿನಲ್ಲಿ ಉಳಿದರೆ ಆಂಪ್ಲಿಫೈಯರಿನ ಕಡೆ ನೋಡಬೇಕು. ಮೊನೊ ಪ್ರತಿ ಸಿಕ್ಕಿದವರು ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿಯೇ ಕೇಳಬೇಕು. ಮೊನೊ ಗ್ರೂವಿನಲ್ಲಿ ಸಂಗೀತವೆಲ್ಲ ಅಡ್ಡ ಚಲನೆಯಲ್ಲಿರುವುದರಿಂದ, ಲಂಬ ಚಲನೆಯಿಂದ ಹುಟ್ಟುವ ಧೂಳಿನ ಸದ್ದು ಆಗ ರದ್ದಾಗುತ್ತದೆ.

1973ರ 'ದ ಬೆಸ್ಟ್ ಆಫ್ ದ ಡೋರ್ಸ್' ಸಂಕಲನದ ಕ್ವಾಡ್ರಫೊನಿಕ್ (ನಾಲ್ಕು ಸ್ಪೀಕರುಗಳಿಗೆ ನಾಲ್ಕು ಚಾನೆಲ್ಲಿನ) ಪ್ರತಿಯನ್ನು ಹುಡುಕುವವರಿಗೆ ಒಂದು ಮಾತು. ಅದರಲ್ಲಿ ಹಿಂಬದಿಯ ಎರಡು ಚಾನೆಲ್‌ಗಳನ್ನು ಬೇರ್ಪಡಿಸುವ ಮಾಹಿತಿ 30 ಕಿಲೊಹರ್ಟ್ಸ್ ಸುತ್ತಲಿನ, ಕಿವಿಗೆ ಕೇಳಿಸದ ಕಂಪನಗಳಲ್ಲಿ ಅಡಗಿದೆ. ಸಾಮಾನ್ಯ ಸ್ಟೀರಿಯೊ ಪ್ಲೇಯರಿನಲ್ಲಿ ಆ ತಟ್ಟೆ ಸ್ಟೀರಿಯೊ ಆಗಿ ಕೇಳಿಸುತ್ತದೆ. ನಾಲ್ಕು ಚಾನೆಲ್ಲಿನ ಡಿಮಾಡ್ಯುಲೇಟರಿನಲ್ಲಿ ಹಾಕಿದಾಗ ಮರಳು ಉಜ್ಜಿದಂಥ ಸದ್ದು ಬಂದರೆ ಹಿಂದಿನ ಒಡೆಯರ ಗುಂಡು ಮುಳ್ಳು ಆ ಸೂಕ್ಷ್ಮ ಕಂಪನಗಳನ್ನು ಸವೆಸಿಹಾಕಿದೆ ಎಂದೇ ಬಹುಮಟ್ಟಿಗೆ ಅರ್ಥ.

ತೊಳೆದರೂ ಹೋಗದ ಮಂಜು

ಕೆಲವು ಪ್ರತಿಗಳಲ್ಲಿ ತಟ್ಟೆಯ ಮೇಲೆ ಮೋಡದಂಥ ಬಿಳಿಮಬ್ಬು ಕಾಣುತ್ತದೆ, ಒರೆಸಿದರೂ ಹೋಗುವುದಿಲ್ಲ, ಓಡಿಸಿದಾಗ ಸುಯ್ ಎಂಬ ಸದ್ದು ಬರುತ್ತದೆ. ಹಿಂದಿನ ಒಡೆಯರು ಕವರನ್ನು ರಕ್ಷಿಸಲೆಂದು ದಪ್ಪನೆಯ ಮೆತ್ತಗಿನ ಪಿವಿಸಿ ಹೊದಿಕೆಯಲ್ಲಿ ವರ್ಷಗಟ್ಟಲೆ ಇಟ್ಟಿದ್ದರೆ ಹೀಗಾಗುತ್ತದೆ. ಆ ಹೊದಿಕೆಯನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಸೆಕೆಯಲ್ಲಿ ಹೊರಸೂಸಿ ತಟ್ಟೆಯ ಮೇಲ್ಮೈಯನ್ನು ಹಾಳುಮಾಡುತ್ತದೆ. ಇದು ವಾಸಿಯಾಗದ ಹಾನಿ. 'ಎಲ್.ಎ. ವುಮನ್'ನ ಮೂಲ ಪ್ರತಿಗಳ ವಿಷಯದಲ್ಲಿ ಇದಕ್ಕೆ ಹೆಚ್ಚು ಗಮನ ಕೊಡಬೇಕು. ಅದರ ಮೊದಲ ಕವರು ದುಂಡನೆಯ ಮೂಲೆಗಳನ್ನೂ, ನಡುವೆ ಕತ್ತರಿಸಿದ ಕಿಟಕಿಯನ್ನೂ, ಆ ಕಿಟಕಿಗೆ ಅಂಟಿಸಿದ ಪಾರದರ್ಶಕ ಹಾಳೆಯ ಮೇಲೆ ತಂಡದವರ ಚಿತ್ರವನ್ನೂ, ಹಿಂದೆ ಹಳದಿ ಒಳಚೀಲವನ್ನೂ ಹೊಂದಿರುವ ಬಹಳ ಸುಂದರವಾದ ವಸ್ತು. ಅದನ್ನು ಕಾಪಾಡುವ ಆಸೆಯಿಂದಲೇ ಬಹಳ ಜನ ಅದನ್ನು ದಪ್ಪ ಪಿವಿಸಿಯಲ್ಲಿ ಮುಚ್ಚಿಟ್ಟಿರುತ್ತಾರೆ. ಕೊಳ್ಳುವಾಗ ತಟ್ಟೆಯನ್ನು ಹೊರತೆಗೆದು, ಎರಡೂ ಬದಿಗಳನ್ನು ಬೆಳಕಿನಲ್ಲಿ ನೋಡಬೇಕು. ಮನೆಗೆ ತಂದ ಮೇಲೆ ಪಾಲಿಪ್ರೊಪಿಲೀನ್ ಹೊದಿಕೆಗೆ ಬದಲಿಸಿ, ತಟ್ಟೆಯನ್ನು ಹೊಸ ಒಳಚೀಲದಲ್ಲಿ ಕವರಿನ ಹಿಂದೆ ಪ್ರತ್ಯೇಕವಾಗಿ ಇಡಬೇಕು. ಹೀಗಿಟ್ಟರೆ ತಟ್ಟೆಯನ್ನು ತೆಗೆದು ಹಾಕುವಾಗ ಒತ್ತಡ ಬಿದ್ದು ಕಿಟಕಿಯ ಹಾಳೆ ಅಂಟು ಬಿಡುವುದೂ ತಪ್ಪುತ್ತದೆ.